ಎರಡು ಹೊತ್ತಿನ ಹಾಲಿನ ನಡುವೆ ಹಿಮನದಿ

ಜ್ಯೂರಿಕ್ ಕಡೆಯ ರೀಡ್‌ಮಾಟ್ ಊರಿನಲ್ಲಿ ಯಾರಿಗಾದರೂ ಬೆಟ್ಟಕ್ಕೆ ಹೋಗಬೇಕು ಅನ್ನಿಸಿದರೆ ಅವರು ಮೊದಲು ಮೋಡ ನೋಡುತ್ತಿರಲಿಲ್ಲ, ಹುಲ್ದಾ ಎಗ್ಲಿಯನ್ನು ನೋಡುತ್ತಿದ್ದರು. ಮಂಗಳವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅವಳು ಬೇಕರಿಯ ಮೂಲೆ ಮೇಜಿನಲ್ಲಿ ಕೂತಿರುತ್ತಿದ್ದಳು. ಎದುರಿಗೆ ಹಾಲು ಜಾಸ್ತಿ ಹಾಕಿದ ಕಾಫಿ, ಚೌಕಳಿ ಗೆರೆಯ ನೋಟ್‌ಬುಕ್ಕು, ಚೂಪಾಗಿ ಕೆತ್ತಿದ ಪೆನ್ಸಿಲ್ಲು, ಇಟ್ಟಿಗೆಯಷ್ಟು ದಪ್ಪದ ವೇಳಾಪಟ್ಟಿ. ದೇಶದ ರೈಲು, ಹಳದಿ ಬಣ್ಣದ ಅಂಚೆ ಬಸ್ಸು, ಸರೋವರದ ದೋಣಿ, ಬೆಟ್ಟ ಹತ್ತುವ ಕೇಬಲ್ ಕಾರು, ಎಲ್ಲದರ ನಿಮಿಷವೂ ಆ ಪುಸ್ತಕದೊಳಗಿತ್ತು. ಹುಲ್ದಾ ಅದನ್ನು ತೆರೆಯುತ್ತಿದ್ದುದು ಅಪರೂಪ. ಎದುರಿಗೆ ಕೂತವರಿಗೆ ನಂಬಿಕೆ ಬರಲಿ ಅಂತ ಮೇಜಿನ ಮೇಲೆ ಇಟ್ಟುಕೊಂಡಿರುತ್ತಿದ್ದಳು, ಅಷ್ಟೆ.

ಮೂವತ್ತೆಂಟು ವರ್ಷ ಅವಳು ಅದೇ ಊರಿನ ಸ್ಟೇಷನ್ನಿನಲ್ಲಿ ಟಿಕೆಟ್ ಕೊಟ್ಟವಳು. ಕೌಂಟರ್ ಮುಚ್ಚಿ ಅಲ್ಲಿ ಯಂತ್ರ ನಿಲ್ಲಿಸಿದ ದಿನ ಊರಿನ ಮುದುಕಿಯೊಬ್ಬಳು ಅದರ ಮುಂದೆ ನಿಂತು, "ಇದಕ್ಕೆ ನನ್ನ ಮೊಣಕಾಲು ನೋವು ಗೊತ್ತೇನ್ರೀ?" ಎಂದು ಕೇಳಿ, ನೇರ ಹುಲ್ದಾಳ ಮನೆಗೆ ನಡೆದಳಂತೆ. ಬೇಕರಿ ಮೇಜು ಶುರುವಾದದ್ದು ಹಾಗೆ.

ಬಂದವರಿಗೆ ಹುಲ್ದಾ ಮೂರೇ ಪ್ರಶ್ನೆ ಹಾಕುತ್ತಿದ್ದಳು. ಮೊಣಕಾಲು ಹೇಗಿದೆ? ಎಷ್ಟು ಹೊತ್ತಿಗೆ ಹಸಿವಾಗುತ್ತೆ? ಜೊತೆಗೆ ಯಾರು ಬರ್ತಾರೆ? ಮೂರನೆಯದು ಯಾಕೆ ಎಂದು ಯಾರೋ ಕೇಳಿದ್ದಕ್ಕೆ, "ಒಬ್ರೇ ಹೋದ್ರೆ ಗಾಡಿ ಬದಲಾಯಿಸೋಕೆ ನಾಲ್ಕು ನಿಮಿಷ ಸಾಕು. ಗಂಡ ಹೆಂಡ್ತಿ ಅಂದ್ರೆ ಎಂಟು ಬೇಕು. ಜಗಳಕ್ಕೆ ನಾಲ್ಕು" ಎಂದಿದ್ದಳು. ಆಮೇಲೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಬೇಕರಿಯಲ್ಲಿದ್ದವರು ಚಮಚ ಅಲ್ಲಾಡಿಸುವುದನ್ನೂ ನಿಲ್ಲಿಸುತ್ತಿದ್ದರು. ಆ ಮುಚ್ಚಿದ ಕಣ್ಣಿನೊಳಗೆ ದೇಶಕ್ಕೆ ದೇಶವೇ ಓಡಾಡುತ್ತಿತ್ತು. ಬರ್ನ್ ಸ್ಟೇಷನ್ನಿಗೆ ಗಂಟೆ ತುಂಬುವ ಹೊತ್ತಿಗೆ ನಾಲ್ಕು ದಿಕ್ಕಿನ ಗಾಡಿಗಳು ಬಂದು ಸೇರುತ್ತಿದ್ದವು, ಜನ ಇಳಿದು ಹತ್ತುತ್ತಿದ್ದರು, ಗಾಡಿಗಳು ಮತ್ತೆ ನಾಲ್ಕು ದಿಕ್ಕಿಗೆ ಹೊರಡುತ್ತಿದ್ದವು. ಕಣಿವೆಯ ತುದಿಯಲ್ಲಿ ಎಲ್ಲೋ ಒಂದು ಹಳದಿ ಬಸ್ಸು ಆ ಗಾಡಿಗಾಗಿಯೇ ಬಾಗಿಲು ತೆರೆದು ಕಾಯುತ್ತಿತ್ತು. ಕಣ್ಣು ಬಿಟ್ಟು ಹುಲ್ದಾ ಒಂದೇ ಓಟಕ್ಕೆ ಬರೆದು ಕೊಡುತ್ತಿದ್ದಳು. ಯಾವ ಬೋಗಿಯಲ್ಲಿ ಕೂತರೆ ಇಳಿದ ಕೂಡಲೇ ಮೆಟ್ಟಿಲು ಸಿಗುತ್ತದೆ ಎಂಬುದೂ ಅದರಲ್ಲಿ ಇರುತ್ತಿತ್ತು. ಮನುಷ್ಯರ ತಲೆಯಲ್ಲಿ ಇಷ್ಟು ಜಾಗ ಇರುತ್ತದೆಯೇ ಎಂದು ಜನ ಬಾಯಿ ಬಿಟ್ಟುಕೊಂಡು ಆ ಹಾಳೆ ನೋಡುತ್ತಿದ್ದರು. ಅವಳು ಬರೆದ ಹಾಳೆ ಹಿಡಿದು ಹೊರಟವರು ಒಬ್ಬರೂ ಗಾಡಿ ತಪ್ಪಿಸಿಕೊಂಡ ನೆನಪು ಊರಿಗಿರಲಿಲ್ಲ.

ಇಷ್ಟೆಲ್ಲ ಬಲ್ಲ ಹುಲ್ದಾ ಸ್ವತಃ ಹಿಮದ ಬೆಟ್ಟಕ್ಕೆ ಕಾಲಿಟ್ಟವಳಲ್ಲ. ಬಿಸಿಲು ಬಿದ್ದ ಭಾನುವಾರ ಊರೆಲ್ಲ ಬೆಟ್ಟಕ್ಕೆ ಹೊರಟಾಗ ಟಿಕೆಟ್ ಕೊಡಲು ಒಬ್ಬರು ಇರಬೇಕಲ್ಲ. ಕೆಲಸ ಬಿಟ್ಟ ಮೇಲೆ ಹೋಗಬಹುದಿತ್ತು, ಹೋಗಲಿಲ್ಲ. ಯಾರಾದರೂ ಕೆಣಕಿದರೆ, "ನನಗೆ ಬೆಟ್ಟ ಎಲ್ಲಾ ಗೊತ್ತು, ನಿಮಿಷ ನಿಮಿಷವೂ ಗೊತ್ತು" ಎಂದು ನಕ್ಕುಬಿಡುತ್ತಿದ್ದಳು. ಅರವತ್ತೆಂಟು ವರ್ಷಕ್ಕೆ ಅದು ಅವಳಿಗೇ ನಿಜ ಅನ್ನಿಸಲು ಶುರುವಾಗಿತ್ತು.

ಮೇ ತಿಂಗಳ ಒಂದು ಮಂಗಳವಾರ ಹೋಟ್ಸ್ ಮನೆಯ ಬೆಟ್ಲಿ ಬಂದು ಎದುರಿಗೆ ಕೂತಳು. ಹಿಂದೆಯೇ ಅವಳ ಗಂಡ ಎಮಿಲ್ ಬಂದು, ಕೂರಲೋ ಬೇಡವೋ ಎಂಬಂತೆ ಟೋಪಿ ಹಿಡಿದು ನಿಂತ. ಹದಿನೇಳು ಹಸುಗಳ ಒಡೆಯ, ಎಪ್ಪತ್ತರ ಮೇಲಿನ ವಯಸ್ಸು, ಮಾತು ಕಡಿಮೆ.

"ಹುಲ್ದಾ, ನಮಗೆ ಹಿಮನದಿ ನೋಡಬೇಕು. ಇಬ್ರಿಗೂ. ಒಟ್ಟಿಗೆ" ಎಂದಳು ಬೆಟ್ಲಿ.

"ಎಷ್ಟು ದಿನ?"

"ಒಂದು ರಾತ್ರೀನೂ ಹೊರಗಿರೋಕಾಗಲ್ಲ" ಎಂದ ಎಮಿಲ್. "ಬೆಳಗ್ಗೆ ಹಾಲು ಕರೆದು ಹೊರಡಬೇಕು, ಸಂಜೆ ಐದಕ್ಕೆ ಕೊಟ್ಟಿಗೇಲಿರಬೇಕು."

"ಒಂದು ಹೊತ್ತು ಬೇರೆ ಯಾರಾದ್ರೂ ಕರೀಬಹುದಲ್ವಾ?"

"ಗ್ಲೋರಿಯಾ ಒದೀತಾಳೆ."

ಗ್ಲೋರಿಯಾ ಅವನ ಹಸು. ಬೆಟ್ಲಿ ಮೇಜಿನ ಮೇಲೆ ಎರಡೂ ಕೈ ಚಾಚಿದಳು. "ಕೇಳು ಹುಲ್ದಾ. ಮದುವೆಯಾಗಿ ನಲವತ್ತನಾಲ್ಕು ವರ್ಷ. ಮದುವೆ ದಿನಾನೂ ಇವನು ಊಟದ ಮಧ್ಯೆ ಎದ್ದು ಹಾಲು ಕರೆಯೋಕೆ ಹೋದ. ನಾನು ಹಾಡೋ ಗುಂಪಿನ ಜೊತೆ ಸರೋವರ ನೋಡಿದ್ದೀನಿ, ಇವನು ದನದ ಜಾತ್ರೆಗೆ ಹೋಗಿ ಬಂದಿದ್ದಾನೆ. ಇಬ್ರೂ ಒಟ್ಟಿಗೆ ಒಂದೇ ಒಂದು ಜಾಗ ನೋಡಿಲ್ಲ. ಯಾವಾಗ್ಲೂ ಒಬ್ರು ಕೊಟ್ಟಿಗೇಲಿ. ಆ ಹಿಮನದಿ ವರ್ಷ ವರ್ಷ ಕರಗಿ ಹಿಂದೆ ಸರೀತಿದೆಯಂತೆ. ನನ್ನ ಮೊಣಕಾಲೂ ಹಾಗೇ. ಈ ವರ್ಷ ಇಲ್ಲಾಂದ್ರೆ ಇಲ್ಲ."

ಹುಲ್ದಾ ಕಣ್ಣು ಮುಚ್ಚಿದಳು. ಆ ದಿನ ಬಹಳ ಹೊತ್ತು ತೆಗೆಯಲಿಲ್ಲ. ಕಾಫಿ ಆರಿಹೋಯಿತು. ಕೊನೆಗೆ ಕಣ್ಣು ಬಿಟ್ಟು, "ಆಗುತ್ತೆ. ಮೇಲೆ ಐವತ್ತಾರು ನಿಮಿಷ ಸಿಗುತ್ತೆ. ಆದರೆ ಎಲ್ಲೂ ಒಂದು ನಿಮಿಷ ಜಾರೋ ಹಾಗಿಲ್ಲ" ಎಂದಳು.

"ಜಾರುತ್ತೆ" ಎಂದಳು ಬೆಟ್ಲಿ. "ನಮಗೆ ಗಾಡಿ ಬದಲಾಯಿಸಿ ಅಭ್ಯಾಸ ಇಲ್ಲ. ನೀನೂ ಬಾ."

ಬೇಡ ಎನ್ನಲು ಹುಲ್ದಾ ಬಾಯಿ ತೆರೆದಳು. ಬೇಕರಿಯಲ್ಲಿದ್ದ ಐದಾರು ಜನವೂ ಅವಳನ್ನೇ ನೋಡುತ್ತಿದ್ದರು. ಇಷ್ಟು ಬಿಗಿಯಾದ ಹಾಳೆಯನ್ನು ಬೇರೆಯವರ ಕೈಗೆ ಕೊಟ್ಟು ಮನೆಯಲ್ಲಿ ಕೂರುವುದು ತನ್ನಿಂದಾಗದು ಎಂದು ಅವಳಿಗೂ ಗೊತ್ತಾಗಿ, ಒಪ್ಪಿಕೊಂಡಳು.

ಮೂರು ವಾರ ಆ ಹಾಳೆಯನ್ನು ತಿದ್ದಿದಳು. ದಿನ ಆರಿಸಿದ್ದು ಜೂನ್ ತಿಂಗಳ ಒಂದು ಗುರುವಾರ. ಮೊದಲ ಹುಲ್ಲು ಕೊಯ್ದು ಮುಗಿದಿರುತ್ತದೆ, ಮೇಲೆ ದಾರಿಯ ಹಿಮ ಕರಗಿರುತ್ತದೆ, ವಾರದ ನಡುವೆ ಜನ ಕಡಿಮೆ. ಎಮಿಲ್ ಆ ದಿನ ನಾಲ್ಕಕ್ಕೇ ಎದ್ದು ಹಾಲು ಕರೆದು, ಕ್ಯಾನು ಹಾಲಿನ ಮನೆಗೆ ಹಾಕಿ, ಮೂಗು ಚುಚ್ಚುವಷ್ಟು ಸೋಪಿನ ವಾಸನೆಯೊಂದಿಗೆ ಆರೂ ಐವತ್ತೊಂದರ ಬಸ್ಸಿಗೆ ಬಂದು ನಿಂತ. ಮುಂದೆ ಎಲ್ಲವೂ ಹುಲ್ದಾ ಬರೆದಂತೆ ನಡೆಯಿತು. ಜ್ಯೂರಿಕ್‌ನಲ್ಲಿ ಎದುರಿನ ಪ್ಲಾಟ್‌ಫಾರಂನಲ್ಲೇ ಗಾಡಿ. ಬರ್ನ್‌ನಲ್ಲಿ ಇಳಿದ ಜಾಗದಲ್ಲೇ ಮೆಟ್ಟಿಲು. ಉದ್ದನೆಯ ಸುರಂಗ ದಾಟಿ ವಿಸ್ಪ್‌ನಲ್ಲಿ ಇಳಿದಾಗ ಗಡಿಯಾರ ಹತ್ತೂ ಎರಡು ತೋರಿಸುತ್ತಿತ್ತು. ಎಮಿಲ್ ಪ್ರತಿ ಸ್ಟೇಷನ್ನಿನಲ್ಲೂ ತನ್ನ ಕೈಗಡಿಯಾರ ನೋಡಿ, ಸ್ಟೇಷನ್ ಗಡಿಯಾರ ನೋಡಿ, ಹುಲ್ದಾಳನ್ನು ನೋಡುತ್ತಿದ್ದ. ವಿಸ್ಪ್‌ನಲ್ಲಿ ಅವನ ಬಾಯಿಂದ ಮಾತು ಬಂತು: "ನೀನು ಗಾಡಿಗಳನ್ನ ಓಡಿಸ್ತಿದ್ದೀಯೋ, ಗಾಡಿಗಳು ನಿನ್ನ ಮಾತು ಕೇಳ್ತಿದ್ದಾವೋ?" ಹುಲ್ದಾಗೆ ಖುಷಿಯಾಯಿತು. ತಾನು ಕಣ್ಣು ಮುಚ್ಚಿ ಕಂಡ ದೇಶ ಕಣ್ಣು ಬಿಟ್ಟರೂ ಹಾಗೇ ಇದೆಯಲ್ಲ ಎಂದು ಅವಳಿಗೇ ಬೆರಗು.

ವಿಸ್ಪ್‌ನಿಂದ ಹೊರಟ ಬಸ್ಸು ಕಣಿವೆಯ ಕೆಳಗಿನ ಊರಿನ ಚರ್ಚಿನ ಮುಂದೆ ಅವರನ್ನು ಇಳಿಸಿ ಹೋಯಿತು. ಅಲ್ಲಿಂದ ಹತ್ತೂ ಮೂವತ್ತೆಂಟಕ್ಕೆ ಸಣ್ಣ ಬಸ್ಸೊಂದು ಫಾಲ್ಡನ್ ಎಂಬ ಮೇಲಿನ ಹಳ್ಳಿಗೆ, ಕೇಬಲ್ ಕಾರಿನ ಬುಡಕ್ಕೆ ಹೋಗಬೇಕು. ಮೂವತ್ತೆಂಟಾಯಿತು. ಮೂವತ್ತೊಂಬತ್ತಾಯಿತು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಅಂಗಡಿ ಬಾಗಿಲು ಹಾಕಿತ್ತು. ಮನೆಗಳ ಮುಂದೆ ಎಳೆ ಮರದ ಹಸಿರು ಕೊಂಬೆಗಳನ್ನು ನೆಟ್ಟಿದ್ದರು, ಕಿಟಕಿಗಳಿಂದ ಕೆಂಪು ಬಟ್ಟೆ ಇಳಿಬಿಟ್ಟಿದ್ದರು. ಇದ್ದಕ್ಕಿದ್ದಂತೆ ಬೆಟ್ಟದ ಮೇಲಿಂದ ಗುಂಡಿನ ಸದ್ದು ಢಮಾರ್ ಎಂದಿತು. ಬೆಟ್ಲಿ ಎಮಿಲ್‌ನ ತೋಳು ಹಿಡಿದುಕೊಂಡಳು. ಚರ್ಚಿನ ಗಂಟೆಗಳೆಲ್ಲ ಒಟ್ಟಿಗೆ ಬಾರಿಸತೊಡಗಿದವು.

ಹುಲ್ದಾ ನಿಲ್ದಾಣದ ಫಲಕದ ಹತ್ತಿರ ಹೋಗಿ ಬಗ್ಗಿ ನೋಡಿದಳು. ಹತ್ತೂ ಮೂವತ್ತೆಂಟರ ಪಕ್ಕದಲ್ಲಿ ಎರಡು ಪುಟ್ಟ ಸುತ್ತಿಗೆಗಳ ಗುರುತು. ಕೆಲಸದ ದಿನ ಮಾತ್ರ. ಆಗ ಅವಳಿಗೆ ಹೊಳೆಯಿತು. ಇವತ್ತು ಕ್ಯಾಥೊಲಿಕ್ಕರ ದೇವರ ಮೆರವಣಿಗೆಯ ಹಬ್ಬ. ಅವಳ ಊರು ಪ್ರಾಟೆಸ್ಟಂಟರ ಊರು, ಅಲ್ಲಿ ಈ ದಿನ ಬರೀ ಗುರುವಾರ. ವರ್ಷ ವರ್ಷ ತಾರೀಕು ಬದಲಾಗುವ ಈ ಹಬ್ಬದಲ್ಲಿ ಇತ್ತ ಕಡೆಯ ಊರುಗಳಲ್ಲಿ ಭಾನುವಾರದ ಗಾಡಿಗಳೇ ಓಡುವುದು. ಮೂವತ್ತೆಂಟು ವರ್ಷ ಕೌಂಟರಿನ ಹಿಂದಿನಿಂದ ಊರವರಿಗೆಲ್ಲ, "ಸುತ್ತಿಗೆ ನೋಡಿ, ಭಾನುವಾರದ ಶಿಲುಬೆ ನೋಡಿ, ಯಾವ ಸೀಮೆಗೆ ಹೋಗ್ತಿದ್ದೀರಿ ಅಂತ ನೋಡಿ" ಎಂದು ಬೈದು ಬುದ್ಧಿ ಹೇಳಿದವಳು ಅವಳೇ.

"ಬಸ್ಸಿಲ್ಲ" ಎಂದಳು. "ಇನ್ನು ಎರಡು ಗಂಟೆ ಇಲ್ಲ. ಇವತ್ತು ಇವರಿಗೆ ಹಬ್ಬ. ನಾನು ನೋಡಲಿಲ್ಲ ಎಮಿಲ್. ತಪ್ಪು ನಂದೇ, ಪೂರ್ತಿ ನಂದೇ."

ಎಮಿಲ್ ಸಿಟ್ಟಾಗುತ್ತಾನೆ ಎಂದುಕೊಂಡಿದ್ದಳು. ಅವನು ಗಲ್ಲ ಕೆರೆದುಕೊಂಡ. "ನಮ್ಮಜ್ಜ ಈ ದಿನ ಬೇಕಂತ್ಲೇ ಗೊಬ್ಬರದ ಗಾಡಿ ಹೊಡ್ಕೊಂಡು ಗಡಿ ಹೊಲಕ್ಕೆ ಹೋಗ್ತಿದ್ದ, ಆಚೆ ಊರಿನ ಕ್ಯಾಥೊಲಿಕ್ಕರ ಮೆರವಣಿಗೆಗೆ ವಾಸನೆ ಬಡೀಲಿ ಅಂತ. ಅವರು ಸುಮ್ನಿರ್ತಿದ್ರಾ, ನಮ್ಮ ಶುಭ ಶುಕ್ರವಾರ ಅವರು ಬಟ್ಟೆ ಒಗೆದು ಬೇಲಿ ಮೇಲೆ ಒಣಗಿ ಹಾಕೋರು. ಆ ಗೊಬ್ಬರ ಇವತ್ತು ನಮಗೇ ಬಡೀತು ನೋಡು." ಆಮೇಲೆ ಗಡಿಯಾರ ನೋಡಿದ. "ವಾಪಸ್ ಹೋಗೋಣ. ಹೆಂಗೂ ಒಂದು ರೈಲು ಪ್ರಯಾಣ ಆಯ್ತಲ್ಲ."

ಬೆಟ್ಲಿ ಬೆಂಚಿನ ಮೇಲೆ ಕೂತು ಚೀಲ ಬಿಚ್ಚಿ, ಬ್ರೆಡ್ಡು, ಸಾಸೇಜು, ಬೇಯಿಸಿದ ಮೊಟ್ಟೆ ಒಂದೊಂದೇ ತೆಗೆದು ಕರವಸ್ತ್ರದ ಮೇಲಿಟ್ಟಳು. "ನೀವು ಹೋಗಿ. ನಾನು ಇಲ್ಲೇ ಕೂತಿರ್ತೀನಿ" ಎಂದಳು. ಗೊಣಗದೆ, ಅಳದೆ ಹೇಳಿದ ಆ ಮಾತಿಗೆ ಹುಲ್ದಾ ಫಲಕದ ಕಡೆ ಮುಖ ತಿರುಗಿಸಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಮೆರವಣಿಗೆ ಬೀದಿ ತಿರುಗಿ ಬಂತು. ಮುಂದೆ ಬಿಳಿ ಲಂಗದ ಹುಡುಗಿಯರು, ಹಿಂದೆ ಹಿತ್ತಾಳೆ ವಾದ್ಯದವರು, ಅವರ ಹಿಂದೆ ಅಜ್ಜಂದಿರ ಕಾಲದ ಸೈನಿಕರ ಕೆಂಪು ಕೋಟು, ಎತ್ತರದ ತುರಾಯಿ ಟೋಪಿ ಹಾಕಿದ ಹಳ್ಳಿಯ ಗಂಡಸರು. ಕೋಲುಗಳ ಮೇಲೆ ಹೊತ್ತ ಚಪ್ಪರದ ಕೆಳಗೆ ಪಾದ್ರಿ, ಪ್ರಸಾದದ ರೊಟ್ಟಿಯಿಟ್ಟ ಚಿನ್ನದ ಕಿರಣಗಳ ಪಾತ್ರೆಯನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದಿದ್ದರು. ಅದು ಹತ್ತಿರ ಬಂದಾಗ ಎಮಿಲ್, ಅಜ್ಜನ ಗೊಬ್ಬರ ಮರೆತು, ಟೋಪಿ ತೆಗೆದು ನಿಂತ. ಹಿಂದೆ ಹಿಮದ ಗೋಡೆ, ಮುಂದೆ ಆ ಚಿನ್ನ. ಹುಲ್ದಾಳಂಥ ಹುಲ್ದಾಗೂ ಕಾಲು ನೆಲದಲ್ಲಿ ಊರಿದ ಹಾಗಾಯಿತು.

ಆಶೀರ್ವಾದ ಮುಗಿದು ಜನ ಚದುರುವಾಗ ಕೆಂಪು ಕೋಟಿನ ಒಬ್ಬ ದಪ್ಪ ಮನುಷ್ಯ ಇವರ ಬೆಂಚಿನ ಹತ್ತಿರ ನಿಂತ. ಆ ಕಣಿವೆಯವರ ಮಾತು ಜ್ಯೂರಿಕ್ ಕಡೆಯವರಿಗೆ ಅರ್ಧ ಅರ್ಥವಾದರೆ ಪುಣ್ಯ.

"ಯಾಕ್ರಿ, ಇಲ್ಲಿ ಕುಂತೀರಲ್ಲ? ಎಲ್ಲಿಗ್ ಹೊಂಟೀರಿ?"

"ಹಿಮನದಿಗೆ" ಎಂದಳು ಹುಲ್ದಾ. "ಹತ್ತೂ ಮೂವತ್ತೆಂಟರ ಬಸ್ಸಿಗೆ."

"ಹತ್ತೂ ಮೂವತ್ತೆಂಟರ ಬಸ್ಸು ನಾನ ಅದೀನ್ರಿ!" ಅವನು ಎದೆ ಬಡಿದುಕೊಂಡು ನಕ್ಕ. "ಹಬ್ಬದ ದಿನ ನನ್ನ ಕೈಯಾಗ ಬಂದೂಕು ಇರತೈತಿ, ಸ್ಟೇರಿಂಗ್ ಇರಂಗಿಲ್ಲ. ಆದ್ರ ಹನ್ನೊಂದೂವರೆಗ ವಾದ್ಯದವರನ್ನ ಮ್ಯಾಲ ಫಾಲ್ಡನ್ ಗುಡಿಗೆ ಒಯ್ಯಬೇಕು. ನಿಮ್ಮ ತೊಡಿ ಮ್ಯಾಲ ಒಂದ್ ದೊಡ್ಡ ಕಹಳಿ ಇಟ್ಟರ ನಡೀತೈತೇನು?"

"ನಡೆಯುತ್ತೆ" ಎಂದಳು ಬೆಟ್ಲಿ, ಹುಲ್ದಾ ಲೆಕ್ಕ ಹಾಕುವ ಮೊದಲೇ.

ಲೆಕ್ಕ ಹೀಗಿತ್ತು. ಹನ್ನೆರಡು ಗಂಟೆಯ ಕೇಬಲ್ ಕಾರು ಹಿಡಿದರೆ ತುದಿ ತಲುಪುವುದು ಹನ್ನೆರಡೂ ಹದಿನೆಂಟಕ್ಕೆ. ಕೆಳಗೆ ಹೋಗುವ ಕಾರು ಹನ್ನೆರಡೂವರೆಗೆ. ಅದಕ್ಕೆ ಕಾದಿರುವ ಬಸ್ಸು ಹಬ್ಬದ ದಿನವೂ ಉಂಟು. ಅದು ತಪ್ಪಿದರೆ ಮುಂದಿನದು ಎರಡು ಗಂಟೆ ಬಿಟ್ಟು, ಮನೆ ಮುಟ್ಟುವಾಗ ಏಳು. "ಹನ್ನೆರಡು ನಿಮಿಷ ಸಿಗುತ್ತೆ" ಎಂದು ಹುಲ್ದಾ ಕಹಳೆಯ ಆಚೆಯಿಂದ ಹೇಳಿದಳು. ಎಮಿಲ್ ತಲೆಯಾಡಿಸಿದ. ಹನ್ನೆರಡು ನಿಮಿಷದಲ್ಲಿ ಎರಡು ಹಸು ಕರೆಯಬಹುದು ಎಂದು ಅವನಿಗೆ ಗೊತ್ತು, ಒಂದು ಹಿಮನದಿ ನೋಡಲು ಎಷ್ಟು ಬೇಕೋ ಯಾರಿಗೂ ಗೊತ್ತಿರಲಿಲ್ಲ.

ಕೇಬಲ್ ಕಾರು ಪೈನ್ ಮರಗಳನ್ನು ದಾಟಿತು, ಹುಲ್ಲು ದಾಟಿತು, ಬರೀ ಕಲ್ಲಿನ ಮೇಲೆ ತೇಲಿತು, ಆಮೇಲೆ ಮೋಡದೊಳಗೆ ಹೊಕ್ಕಿತು. ತುದಿಯಲ್ಲಿ ಇಳಿದಾಗ ಎದುರಿಗೆ ಏನೂ ಇರಲಿಲ್ಲ. ಕಬ್ಬಿಣದ ಕಂಬಿ, ಕಂಬಿಯ ಆಚೆ ಹಾಲಿನಂಥ ಬಿಳುಪು. ಮೂವರೂ ಕಂಬಿ ಹಿಡಿದು ನಿಂತರು. ಎಲ್ಲೋ ಆಳದಿಂದ ತಣ್ಣನೆ ಗಾಳಿ ಬಂದು ಮುಖಕ್ಕೆ ಹೊಡೆಯುತ್ತಿತ್ತು. ನಡುನಡುವೆ ಒಂದು ಸದ್ದು, ದೊಡ್ಡ ಮರ ಸೀಳಿದ ಹಾಗೆ.

"ಅದೇ" ಎಂದಳು ಬೆಟ್ಲಿ ಪಿಸುದನಿಯಲ್ಲಿ. "ಅಲ್ಲೇ ಇದೆ ಅದು. ಕೇಳಿಸ್ತಾ ಎಮಿಲ್?"

"ಕೇಳಿಸ್ತು."

ಹುಲ್ದಾ ಗಡಿಯಾರ ನೋಡುತ್ತಿದ್ದಳು. ಇಪ್ಪತ್ತು. ಇಪ್ಪತ್ತಮೂರು. ಬಿಳುಪು ಅಲ್ಲಾಡಲಿಲ್ಲ. ತನ್ನ ಒಂದು ತಪ್ಪಿಗೆ ಇವರ ಐವತ್ತಾರು ನಿಮಿಷ ಹೋಯಿತು, ಇದ್ದ ಹನ್ನೆರಡನ್ನೂ ಮೋಡ ತಿನ್ನುತ್ತಿದೆ ಎಂದುಕೊಂಡಳು. ಇಪ್ಪತ್ತಾರು. ಕಾರಿನವರೆಗೆ ನಡೆಯಲು ಬೆಟ್ಲಿಯ ಮೊಣಕಾಲಿಗೆ ಮೂರು ನಿಮಿಷ ಬೇಕು. ಈಗಲೇ ಹೇಳಬೇಕು.

ಆಗ ಕೆಳಗೆ ಎಲ್ಲೋ ಮೋಡದಲ್ಲಿ ಒಂದು ತೂತು ಬಿತ್ತು. ತೂತಿನಲ್ಲಿ ನೀಲಿ ಕಂಡಿತು. ಆಕಾಶ ಕೆಳಗೆ ಯಾಕಿದೆ ಎಂದುಕೊಂಡಳು ಹುಲ್ದಾ. ಅದು ಆಕಾಶವಾಗಿರಲಿಲ್ಲ.

"ಟೈಮ್ ಆಯ್ತಾ?" ಎಮಿಲ್ ಕೇಳಿದ. ಅವನ ಎರಡೂ ಕೈ ಕಂಬಿಯ ಮೇಲಿದ್ದವು, ಗಡಿಯಾರ ಕೋಟಿನ ತೋಳಿನೊಳಗಿತ್ತು.

ಹುಲ್ದಾ ಎಗ್ಲಿ ತನ್ನ ಬದುಕಿನಲ್ಲಿ ಬೇಕೆಂದೇ ಯಾರಿಗೂ ಸಮಯ ತಪ್ಪು ಹೇಳಿದವಳಲ್ಲ. "ಇಲ್ಲ" ಎಂದಳು. "ಇನ್ನೂ ಇದೆ."

ಮೋಡ ಹರಿಯಿತು. ಯಾರೋ ಅವಸರದಲ್ಲಿ ಹೊದಿಕೆ ಎಳೆದ ಹಾಗೆ ಒಂದೇ ಸಲಕ್ಕೆ ಹೋಯಿತು. ಕಾಲ ಕೆಳಗಿನಿಂದ ಕಣ್ಣು ಮುಟ್ಟುವವರೆಗೆ ಮಂಜುಗಡ್ಡೆಯ ಹೊಳೆ ಮಲಗಿತ್ತು. ಬೆಟ್ಟಗಳ ನಡುವೆ ಅಗಲವಾಗಿ ತಿರುಗಿ, ಮೈಮೇಲೆ ಎರಡು ಕಪ್ಪು ಪಟ್ಟೆ ಹೊತ್ತು, ಬಿರುಕುಗಳಲ್ಲಿ ನೀಲಿ ತುಂಬಿಕೊಂಡು, ನಿಂತ ಹಾಗೆ ಕಂಡರೂ ಒಳಗೊಳಗೇ ನಡೆಯುತ್ತಿತ್ತು. ಹುಲ್ದಾ ಈ ಜಾಗಕ್ಕೆ ಎಷ್ಟೋ ಸಾವಿರ ಜನರನ್ನು ಕಳಿಸಿದ್ದಳು, ಹೋಗುವ ನಿಮಿಷ, ಬರುವ ನಿಮಿಷ ಬರೆದುಕೊಟ್ಟಿದ್ದಳು. ಆ ಎರಡು ನಿಮಿಷಗಳ ನಡುವೆ ಇದು ಇತ್ತು ಎಂದು ಒಬ್ಬರೂ ಅವಳಿಗೆ ಹೇಳಿರಲಿಲ್ಲ. ಹೇಳಿಯೇ ಇದ್ದರೇನೋ, ಅವಳು ಮುಂದಿನವರನ್ನು ಕರೆದಿರಬೇಕು. ಭಯವೂ ಸಂತೋಷವೂ ಒಟ್ಟಿಗೆ ಬಂದು ಅವಳಿಗೆ ಅಳು ಬಂತು, ಒರೆಸಿಕೊಳ್ಳಲಿಲ್ಲ.

ಹಿಂದಿನಿಂದ ಗಂಟೆ ಬಾರಿಸಿತು. ಬಾಗಿಲು ಎಳೆದುಕೊಂಡ ಸದ್ದು. ಕೇಬಲ್ ಕಾರು ಕಂಬದ ಮೇಲೆ ಗಡಗಡ ಎಂದು ಇಳಿದು ಹೋಯಿತು.

ಎಮಿಲ್ ತಿರುಗಿದ. "ಹೋಯ್ತಲ್ಲ."

"ಹೋಯ್ತು. ನನಗೆ ಗೊತ್ತಿತ್ತು. ಸುಳ್ಳು ಹೇಳಿದೆ ಎಮಿಲ್."

ಅವನು ಖಾಲಿ ತಂತಿಯನ್ನು ನೋಡಿದ. ಹದಿನೇಳು ಹಸುಗಳು ಈಗ ಅವನ ಮುಖದ ಮೇಲೆ ಸಾಲಾಗಿ ಹಾದುಹೋಗುವುದು ಹುಲ್ದಾಗೆ ಕಂಡಿತು. ಐದಕ್ಕೆ ಅವು ಗೇಟಿನ ಹತ್ತಿರ ಬಂದು ನಿಲ್ಲುತ್ತವೆ, ಐದೂಕಾಲಿಗೆ ಕೂಗುತ್ತವೆ, ಆರಕ್ಕೆ ಊರಿಗೆಲ್ಲ ಕೇಳುತ್ತದೆ. ಆಮೇಲೆ ಅವನು ಮತ್ತೆ ಹಿಮನದಿಯ ಕಡೆ ತಿರುಗಿ, ನಿಧಾನವಾಗಿ, ತನಗೆ ತಾನೇ ಹೇಳಿಕೊಳ್ಳುವಂತೆ ಹೇಳಿದ:

"ಕಾಯ್ತವೆ ಬಿಡು. ಎರಡು ಗಂಟೆ ಕಾಯ್ತವೆ. ಕೂಗಾಡ್ತವೆ, ಆದ್ರೆ ಏನೂ ಆಗಲ್ಲ."

ಬೆಟ್ಲಿ ಹಿಮನದಿಯಿಂದ ಕಣ್ಣು ಕಿತ್ತು ಗಂಡನನ್ನು ನೋಡಿದಳು.

"ಎರಡು ಗಂಟೆ ಕಾಯ್ತವಾ?"

"ಹೂಂ."

"ನಲವತ್ತನಾಲ್ಕು ವರ್ಷದಿಂದ್ಲೂ ಕಾಯ್ತಿದ್ವಾ ಎಮಿಲ್?"

ಕೆಳಗೆ ಮತ್ತೊಮ್ಮೆ ಮಂಜುಗಡ್ಡೆ ಸೀಳಿತು. ಎಮಿಲ್ ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಕಾಯ್ತಿದ್ವೇನೋ" ಎಂದ. "ನಾನೇ ಬಿಟ್ಟು ನೋಡಲಿಲ್ಲ, ಬೆಟ್ಲಿ."

ಬೆಟ್ಲಿ ಏನೋ ದೊಡ್ಡದು ಹೇಳುತ್ತಾಳೆ ಎಂದು ಹುಲ್ದಾ ಬೇರೆ ಕಡೆ ತಿರುಗಿ ನಿಂತಳು. ಬೆಟ್ಲಿ ಮೂಗೊರೆಸಿಕೊಂಡು, ಅವನ ತೋಳಿನೊಳಗೆ ತನ್ನ ಕೈ ತೂರಿಸಿ, ಆ ಬಿಳಿ ಹೊಳೆಯ ಕಡೆ ಮುಖ ಮಾಡಿದಳು.

"ಎರಡಕ್ಕಿಂತ ಜಾಸ್ತಿ ಕಾಯ್ತವಾ?"

"ಇಲ್ಲ. ಎರಡೇ."

"ಸರಿ" ಎಂದಳು ಬೆಟ್ಲಿ. "ಎರಡು ಕೊಡು."